ಲಾರಿಯ ಆಚೆ ನಿಂತವರು

ಚಾಚಾ ಅವರ ಎಡಗಣ್ಣಿನ ರೆಪ್ಪೆ ಪೂರ್ತಿ ಮುಚ್ಚುತ್ತಿರಲಿಲ್ಲ. ಮಂಡಿಪೇಟೆಯ ತಮ್ಮ ಮೆಣಸಿನಕಾಯಿ ಅಂಗಡಿಯಲ್ಲಿ ಮಧ್ಯಾಹ್ನ ಚೀಲಕ್ಕೊರಗಿ ನಿದ್ದೆ ಹೋದಾಗಲೂ ಆ ಕಣ್ಣಿನ ಬಿಳಿ ಸಣ್ಣ ಗೆರೆಯಾಗಿ ಕಾಣುತ್ತಿತ್ತು. ಗೊತ್ತಿಲ್ಲದವರು ಮಾತಾಡಿಸಿ, ಉತ್ತರ ಬರದೆ ಹೆದರುತ್ತಿದ್ದರು.

ಅವರ ಮನೆಗೂ ನಮ್ಮ ಮನೆಗೂ ಒಂದೇ ಗೋಡೆ. ಹರಿಹರದಲ್ಲಿ ನನಗೆ ಕೆಲಸ ಸಿಕ್ಕಾಗ ಮೋಟರ್ ಸೈಕಲ್ ಕಲಿಸಿದವರು ಅವರೇ. ನಾನು ಕೊಂಡದ್ದು ಮಿಲಿಟರಿಯವರು ಹರಾಜಿಗಿಟ್ಟಿದ್ದ ಹಳೆಯ ಗಾಡಿ. ಓಡಿಸುವುದಕ್ಕೆ ಮೊದಲು ನಿಲ್ಲಿಸುವುದನ್ನು ಕಲಿಸಿದರು. ಗಾಡಿಯ ಮುಖ ರಸ್ತೆಯ ಕಡೆಗಿರಬೇಕು, ಮೆತ್ತನೆಯ ಮಣ್ಣಿದ್ದರೆ ಸ್ಟ್ಯಾಂಡಿನ ಅಡಿಗೆ ಚಪ್ಪಟೆ ಕಲ್ಲಿಡಬೇಕು, ತಿರುವಿನಲ್ಲಂತೂ ನಿಲ್ಲಿಸಲೇಬಾರದು.

"ಓಡೋ ಗಾಡಿ ಕಣ್ಣಿಗೆ ಕಾಣ್ತೈತೆ ತಮ್ಮಾ. ನಿಂತ ಗಾಡಿ ಹಿಂದ ಏನೈತೆ ಅಂತ ಯಾರಿಗೂ ಗೊತ್ತಿಲ್ಲ" ಎನ್ನುತ್ತಿದ್ದರು. ನಿಂತ ಬಸ್ಸೋ ಲಾರಿಯೋ ಎದುರಾದರೆ ವೇಗ ತಗ್ಗಿಸಿ, ತಲೆ ಬಗ್ಗಿಸಿ ಅದರ ಕೆಳಗೆ ನೋಡುವರು. "ಮೊದ್ಲು ಕಾಲು ನೋಡು. ಮುಖ ಆಮೇಲೆ ಕಾಣ್ತಾವೆ."

ಚಳಿಗಾಲದ ಒಂದು ಬೆಳಿಗ್ಗೆ ಹರಿಹರದ ದಾರಿಯಲ್ಲಿ ನಾನು ಓಡಿಸುತ್ತಿದ್ದೆ, ಅವರು ಹಿಂದೆ ಕೂತಿದ್ದರು. ಮಂಜು ದಟ್ಟವಾಗಿತ್ತು. ಕಾಲುವೆ ದಾಟಿ ಇಳಿಜಾರಿಗೆ ಬಂದಾಗ ಎಡಬದಿಯಲ್ಲಿ ಒಂದು ಲಾರಿ ನಿಂತಿತ್ತು. ಚಾಚಾ ನನ್ನ ಹೆಗಲು ಹಿಡಿದರು.

"ನಿಲ್ಲಿಸು. ಕಾಲು ಕಾಣ್ತಾವೆ."

ನನಗೂ ಕಂಡವು. ಮುಂದಿನ ಗಾಲಿಯ ಆಚೆ ಯಾರೋ ನಿಂತಿದ್ದರು. ಲಾರಿಯಿಂದ ಸ್ವಲ್ಪ ಹಿಂದೆಯೇ ನಿಂತು ಕಾದೆವು. ಹಾರನ್ ಒತ್ತಿದೆ. ಕಾಲು ಕದಲಲಿಲ್ಲ.

"ಬರ್ರಿ, ನಾವು ನಿಂತೀವಿ" ಎಂದು ಚಾಚಾ ಕೂಗಿದರು.

ಆಗ ಲಾರಿ ಕಿರ್ರೆಂದಿತು. ಗಾಲಿಗೆ ಕೊಟ್ಟಿದ್ದ ಕಲ್ಲು ಜಾರಿ, ಅದು ತಾನಾಗಿ ಮುಂದಕ್ಕೆ ಉರುಳಿ, ಅಡ್ಡಡ್ಡ ರಸ್ತೆ ದಾಟಿ ಬಲಗಡೆಯ ಹಳ್ಳಕ್ಕೆ ಬಿತ್ತು. ನಿಲ್ಲದೆ ಹೋಗಿದ್ದರೆ ನಾವು ಅದರ ಅಡಿಯಲ್ಲಿರುತ್ತಿದ್ದೆವು. ಲಾರಿ ಸರಿದ ಜಾಗ ಬರಿದಾಗಿತ್ತು. ಆಚೆ ಬಯಲು ಹೊಲ, ಅಡಗಲು ಒಂದು ಗಿಡವೂ ಇಲ್ಲ.

ಹತ್ತಿರದ ಗುಡಿಸಲಿನಿಂದ ಡ್ರೈವರ್ ಓಡಿ ಬಂದ. "ನಾನೊಬ್ಬನೇ ಬಂದಿದ್ದೆ, ಗಾಡಿ ಹತ್ರ ಯಾರೂ ಇರ್ಲಿಲ್ರಿ" ಎಂದು ಆಣೆ ಮಾಡಿದ.

ಚಾಚಾ ನನ್ನನ್ನು ಪಕ್ಕಕ್ಕೆ ಕರೆದರು. "ನಿನಗೆ ಎಂಥಾ ಕಾಲು ಕಂಡ್ವು?"

"ಗಂಡಸಿನ ಬರಿಗಾಲು, ಚಾಚಾ. ಒದ್ದೆಯಾಗಿದ್ವು."

"ನನಗೆ ಸಣ್ಣ ಹುಡುಗಿ ಕಾಲು ಕಂಡ್ವು. ಗೆಜ್ಜೆ ಇದ್ವು" ಎಂದರು.

ರಸ್ತೆಯ ಪಕ್ಕ ಕೂತು ಅಂದು ಅವರೇ ಹೇಳಿದರು. ಬಹಳ ವರ್ಷಗಳ ಹಿಂದೆ ಮನೆಯ ಮುಂದೆ ನಿಂತಿದ್ದ ಎತ್ತಿನ ಗಾಡಿಯ ಮರೆಯಿಂದ ಅವರ ಮಗಳು "ಅಬ್ಬಾ" ಎಂದು ಅಪ್ಪನನ್ನು ಕರೆಯುತ್ತಾ ಎದುರು ಓಡಿ ಬಂದಿದ್ದಳು. ಅವಳು ಸಿಕ್ಕಿ ಸತ್ತದ್ದು ಅವರದೇ ಮೋಟರ್ ಸೈಕಲ್ಲಿಗೆ. ಕಣ್ಣಿಗೆ ಏಟಾದದ್ದೂ ಆಗಲೇ.

ನನಗೆ ಕಂಡ ಒದ್ದೆ ಕಾಲು ಯಾರದೆಂದು ಇಂದಿಗೂ ತಿಳಿದಿಲ್ಲ.

ಕೆಲವು ವರ್ಷಗಳ ನಂತರ ಚಾಚಾ ಜ್ವರ ಬಂದು ತೀರಿಕೊಂಡರು. ಮಣ್ಣು ಮುಗಿಸಿ ಬಂದು ನಾನು ಅವರ ಜಗಲಿಯ ಮೇಲೆ ಕೂತಿದ್ದೆ. ಚಾಚಿ ಒಳಗಿನಿಂದಲೇ ಹೇಳಿದರು:

"ನಿನ್ನ ಗಾಡಿ ಸಪ್ಪಳ ಓಣಿಯೊಳಗೆ ಕೇಳೋತನ ಅವರು ಉಣ್ತಿರಲಿಲ್ಲಪ್ಪಾ. ರೊಟ್ಟಿ ಆರಿ ಹೋಗ್ತಿದ್ವು."

ಗೋಡೆಯ ಈಚೆಗಿದ್ದ ನನಗೆ ಇದು ತಿಳಿದಿರಲಿಲ್ಲ. ಕೆಲಸ ಮುಗಿದ ಮೇಲೂ ಹರಿಹರದ ಹೊಳೆದಂಡೆಯಲ್ಲಿ ಗೆಳೆಯರೊಂದಿಗೆ ಹರಟುತ್ತಾ ಕೂತ ಸಂಜೆಗಳೆಷ್ಟೋ. ಆ ಸಂಜೆಗಳಲ್ಲೆಲ್ಲ ಚಾಚಾ ಹಸಿದು ಕೂತಿದ್ದರು.