ಊದದವರ ಸಾಲು

ಮೊನ್ನೆ ಶನಿವಾರ ಮಧ್ಯಾಹ್ನ ಹೆಬ್ಬಾಳದ ಮೇಲ್ಸೇತುವೆ ಹತ್ತುವ ಮುಂಚೆ ನಮ್ಮ ಬಸ್ಸು ಎಂದಿನಂತೆ ನಿಂತುಬಿಟ್ಟಿತು. ಆರ್.ಟಿ. ನಗರದಿಂದ ಒಂದೇ ಕಂಬಿ ಹಿಡಿದು ನಿಂತಿದ್ದ ನಾನು ಬೆವರು ಒರೆಸಿಕೊಳ್ಳಲು ಕೈಯನ್ನು ಮುಖದ ಹತ್ತಿರ ತಂದಾಗ ಅಂಗೈಯಿಂದ ಲೋಹದ ವಾಸನೆ ಬಂತು. ಸ್ವಲ್ಪ ಹುಳಿ, ಸ್ವಲ್ಪ ರಕ್ತದ ಹಾಗೆ. ಜೋಕಾಲಿಯ ಸರಪಳಿ ಹಿಡಿದು ಆಡಿದವರಿಗೆಲ್ಲ ಗೊತ್ತಿರುವ ವಾಸನೆಯೇ. ನಾನು ರಸಾಯನಶಾಸ್ತ್ರ ಓದಿದವಳು. ಅದು ಲೋಹದ್ದಲ್ಲ, ನಮ್ಮದೇ ಚರ್ಮದ ಎಣ್ಣೆ ಲೋಹಕ್ಕೆ ತಾಗಿ ಬದಲಾಗುವುದರಿಂದ ಹುಟ್ಟುವುದು ಎಂದು ವಿವರಿಸಬಲ್ಲೆ. ವಿವರಿಸಿದರೆ ಪಕ್ಕದವರು ಸ್ವಲ್ಪ ಸರಿದು ನಿಲ್ಲುತ್ತಾರೆ ಎಂಬುದೂ ಗೊತ್ತಿರುವುದರಿಂದ ಸುಮ್ಮನಿದ್ದೆ.

ನನ್ನ ಪಾಲಿಗೆ ಅದು ದೊಡ್ಡಪ್ಪನ ಕೈಯ ವಾಸನೆ.

ಅಲ್ಲಾಳಸಂದ್ರದಲ್ಲಿ ನಮ್ಮದು ಒಂದು ಕಾಂಪೌಂಡು, ಎರಡು ಮನೆ. ಒಂದರಲ್ಲಿ ನಾವು, ಇನ್ನೊಂದರಲ್ಲಿ ಅಪ್ಪನ ಅಣ್ಣ ಮತ್ತು ದೊಡ್ಡಮ್ಮ. ಗೇಟಿನ ಪಕ್ಕದಲ್ಲೇ ದೊಡ್ಡಪ್ಪನ ಹಿಟ್ಟಿನ ಗಿರಣಿ. ಹಗಲೆಲ್ಲ ರಾಗಿ ಬೀಸಿ, ಹುಬ್ಬಿನ ತುಂಬ ಹಿಟ್ಟು ಕೂರಿಸಿಕೊಂಡು, ಸಂಜೆ ಮುಖ ತೊಳೆದು ಟ್ರಂಪೆಟ್ ಹಿಡಿಯುತ್ತಿದ್ದರು. ಊರಿನ ಬ್ಯಾಂಡ್ ಸೆಟ್ಟಿನಲ್ಲಿ ಮೊದಲ ಟ್ರಂಪೆಟ್ ಅವರದು. ಊರು ಎಂದರೆ ನಿಮಗೆ ನಗು ಬರಬಹುದು. ಸುತ್ತಲೂ ಅಪಾರ್ಟ್‌ಮೆಂಟು ಎದ್ದು, ಕೆರೆಯ ದಂಡೆಗೆ ಬೇಲಿ ಬಂದ ಮೇಲೂ ನಮ್ಮ ನಾಲ್ಕೈದು ಬೀದಿಯವರು ಅದನ್ನು ಊರು ಎಂದೇ ಕರೆಯುತ್ತೇವೆ. ಬ್ಯಾಂಡಿನವರೂ ಆ ಬೀದಿಗಳವರೇ. ಬಡಗಿ, ಗಾರೆ ಮೇಸ್ತ್ರಿ, ಬಸ್ ಕಂಡಕ್ಟರ್. ಪಂಕ್ಚರ್ ಅಂಗಡಿಯ ಮುನಿರಾಜಣ್ಣ ದೊಡ್ಡ ಡ್ರಮ್ ಬಾರಿಸುತ್ತಾರೆ. ಬ್ಯಾಂಡಿನ ಯಜಮಾನಿಕೆಯೂ ಅವರದೇ. ಕೆಂಪು ಕೋಟುಗಳೆಲ್ಲ ಅವರ ಅಂಗಡಿಯ ಟ್ರಂಕಿನಲ್ಲಿ ಇರುವುದರಿಂದ, ಮದುಮಗನ ಎದುರಿಗೆ ಬಂದು ನಿಂತಾಗ ಇಡೀ ಬ್ಯಾಂಡಿಗೆ ನುಸಿಗುಳಿಗೆಯ ಜೊತೆ ರಬ್ಬರಿನ ವಾಸನೆ. ಸ್ಕೂಲ್ ವ್ಯಾನ್ ಓಡಿಸುವ ಸೀನ ಎರಡನೆಯ ಟ್ರಂಪೆಟ್. ಇವರಿಬ್ಬರು ಗೊತ್ತಾದರೆ ಸಾಕು.

ಇನ್ನೊಂದು ವಿಷಯ ಮಾತ್ರ ನಿಮಗೆ ಗೊತ್ತಿರಬೇಕು. ಮೆರವಣಿಗೆಯಲ್ಲಿ ಎರಡು ಸಾಲಾಗಿ ಬರುವ ಬ್ಯಾಂಡಿನವರಲ್ಲಿ ಎಲ್ಲರೂ ಊದುವುದಿಲ್ಲ. ಬೀಗರು ದೊಡ್ಡ ಸೆಟ್ಟೇ ಬೇಕು ಅನ್ನುತ್ತಾರೆ. ಅಂದು ಬಡಗಿಗೆ ಕೆಲಸ, ಮೇಸ್ತ್ರಿಗೆ ಜ್ವರ. ಆಗ ಬಿಡುವಾಗಿರುವ ಯಾರಿಗಾದರೂ ಕೋಟು ತೊಡಿಸಿ, ಕೈಗೊಂದು ಹಳೆಯ ವಾದ್ಯ ಕೊಟ್ಟು, ಹಿಂದಿನ ಸಾಲಿನ ತುದಿಗೆ ನಿಲ್ಲಿಸುತ್ತಾರೆ. ತುಟಿಗೆ ಒತ್ತಿಕೊಳ್ಳಬೇಕು, ಕೆನ್ನೆ ಉಬ್ಬಿಸಬೇಕು, ಗಾಳಿ ಮಾತ್ರ ಬಿಡಬಾರದು. ಇವರಿಗೆ ಪಾಠ ಹೇಳುತ್ತಿದ್ದವರು ದೊಡ್ಡಪ್ಪನೇ. "ಕೆನ್ನೆ ಉಬ್ಸೋ ಅಂದ್ರೆ ಕಣ್ಯಾಕೋ ಬಿಡ್ತೀಯ? ದೆವ್ವ ನೋಡ್ದಂಗಿದೆ. ಮದುವೆ ಕಣೋ ಇದು!" ನಾನು ವೆರಾಂಡದಲ್ಲಿ ಪುಸ್ತಕ ಹಿಡಿದು ಕೂತು, ಓದುವವಳ ಹಾಗೆ ನಟಿಸುತ್ತ ಕೇಳುತ್ತಿದ್ದೆ. ಊದದವರ ಸಾಲಿಗೆ ನಾನೂ ಸೇರಬಹುದಿತ್ತು ಎಂದು ಈಗ ಅನ್ನಿಸುತ್ತದೆ.

ಡ್ರಮ್ಮುಗಳ ಗದ್ದಲದಲ್ಲಿ ಮಾತು ಕೇಳುವುದಿಲ್ಲ. ಒಂದು ಹಾಡು ಮುಗಿದು ಇನ್ನೊಂದು ಯಾವುದು ಎಂದು ತಿಳಿಸಲು ದೊಡ್ಡಪ್ಪ ಟ್ರಂಪೆಟ್ಟನ್ನೇ ಬಳಸುತ್ತಿದ್ದರು. ಅದರ ಅಗಲವಾದ ತುದಿ ಮೇಲೆದ್ದರೆ ನಡಿಗೆಯ ಹಾಡು. ನೆಲದ ಕಡೆ ಬಾಗಿದರೆ ಸಾವಿನದು. ಬಲಕ್ಕೆ ವಾಲಿದರೆ ಗಂಡನ್ನು ಎದುರುಗೊಳ್ಳುವ ಹಾಡು. ಹಿಂದಿನಿಂದ ಎಲ್ಲ ಕಣ್ಣುಗಳೂ ಆ ಹಿತ್ತಾಳೆಯ ತುದಿಯ ಮೇಲೇ. ಎಷ್ಟೋ ವರ್ಷಗಳ ರೂಢಿ.

ಹೋದ ವರ್ಷ ವೈಶಾಖದಲ್ಲಿ, ಲಗ್ನಗಳು ಒಂದರ ಮೇಲೊಂದು ಬೀಳುತ್ತಿದ್ದಾಗ, ದೊಡ್ಡಪ್ಪ ಒಂದು ಬೆಳಗ್ಗೆ ಬಾಯಿ ಮುಕ್ಕಳಿಸಲು ಹೋದರು. ನೀರು ಎಡಗಡೆಯ ತುಟಿಯಿಂದ ತಾನಾಗಿ ಸುರಿಯಿತು. ದೊಡ್ಡಮ್ಮ ನಕ್ಕರಂತೆ. "ಬೆಳಗ್ಗೆ ಬೆಳಗ್ಗೆ ಏನ್ರೀ ಇದು ಕೋತಿಚೇಷ್ಟೆ?" ಮುಖದ ಅರ್ಧ ನಗಲಿಲ್ಲ, ಎಡಗಣ್ಣು ಮುಚ್ಚಲಿಲ್ಲ. ದೊಡ್ಡಮ್ಮ ಆಮೇಲೆ ತಿಂಗಳುಗಟ್ಟಲೆ ಆ ನಗುವನ್ನು ನೆನೆದು ಅತ್ತಿದ್ದಾರೆ.

ಮುಖದ ನರಕ್ಕೆ ಬಾವು ಬಂದಿದೆ, ಗಾಬರಿ ಬೇಡ, ಬಹಳ ಜನರಿಗೆ ಸರಿಹೋಗುತ್ತದೆ ಎಂದರು ಡಾಕ್ಟರು. ಎಂ.ಎಸ್‌ಸಿ. ಪರೀಕ್ಷೆ ಮುಗಿಸಿ ಮನೆಯಲ್ಲಿದ್ದ ನನಗೆ ವಿದ್ಯಾರಣ್ಯಪುರದ ಫಿಸಿಯೋಥೆರಪಿಗೆ ಅವರನ್ನು ಕರೆದೊಯ್ಯುವ ಕೆಲಸ ಬಂತು. ಅಲ್ಲಿನ ಹುಡುಗಿ ನನಗಿಂತ ಚಿಕ್ಕವಳು. ಕೆನ್ನೆಗೆ ಸಣ್ಣ ಕರೆಂಟ್ ಕೊಟ್ಟಾದ ಮೇಲೆ ಹೇಳಿದಳು, "ಈಗ ಗಾಳಿ ತುಂಬ್ಕೊಂಡು ಊದ್ಬೇಕು ಸರ್. ಟ್ರೈ ಮಾಡಿ, ಈಸಿ ಇದೆ."

"ಅದೇ ನನ್ ಕೆಲ್ಸ ಕಣಮ್ಮ," ಎಂದರು ದೊಡ್ಡಪ್ಪ.

ಅವಳು ಬಲೂನು ಕೊಟ್ಟಳು. ಅದು ಅವರ ಕೈಯಲ್ಲಿ ಸುಕ್ಕುಗಟ್ಟಿಕೊಂಡೇ ಉಳಿಯಿತು.

ವಾಪಸು ಬರುವ ಬಸ್ಸಿನಲ್ಲಿ, ನರ ಕಿವಿಯ ಹಿಂದಿನಿಂದ ಹೊರಟು ಹೇಗೆ ಕವಲೊಡೆದು ತುಟಿಗೆ ಬರುತ್ತದೆ ಎಂದು ನಾನು ಟಿಕೆಟ್ಟಿನ ಹಿಂಬದಿಯಲ್ಲಿ ಚಿತ್ರ ಬರೆದು ತೋರಿಸಿದೆ. ಅವರು ಕೊನೆಯವರೆಗೂ ಕೇಳಿದರು. "ಚೆನ್ನಾಗಿ ಬಿಡಿಸಿದೀಯ ಮಗಾ. ಈಗ ಇದು ಊದುತ್ತಾ?" ಎಂದರು. ಟಿಕೆಟ್ಟನ್ನು ಮಡಚಿ ಜೇಬಿಗೆ ಇಟ್ಟುಕೊಂಡರು. ನಾನು ಮುಂದೆ ಚಿತ್ರ ಬರೆಯಲಿಲ್ಲ.

ಆಷಾಢದಲ್ಲಿ ಮದುವೆಗಳಿಲ್ಲ; ಪಂಚಾಂಗ ನೋಡದೆ ಬರುವುದು ಸಾವೊಂದೇ. ಆ ಬಿಡುವಿನ ತಿಂಗಳಲ್ಲಿ ಕಣ್ಣು ಮುಚ್ಚತೊಡಗಿತು, ನಗು ಹೆಚ್ಚುಕಡಿಮೆ ನೆಟ್ಟಗಾಯಿತು, ಕಾಫಿ ಚೆಲ್ಲದೆ ಕುಡಿಯುವಂತಾಯಿತು. ಮನೆಯವರೆಲ್ಲ ಸರಿಹೋಯಿತು ಎಂದೆವು. ಒಬ್ಬ ಮನುಷ್ಯನಿಗೆ ತುಟಿ ಬೇಕಾಗುವುದು ಕಾಫಿ ಕುಡಿಯಲು, ನಗಲು, ಮಾತಾಡಲು ಎಂದು ನಾವು ಲೆಕ್ಕ ಹಾಕಿದ್ದೆವು. ಒಂದು ಸಂಜೆ ಗಿರಣಿಯ ಬೆಲ್ಟು ನಿಂತ ಮೇಲೂ ದೊಡ್ಡಪ್ಪ ಹೊರಗೆ ಬರಲಿಲ್ಲ. ಶಟರು ಅರ್ಧ ಇಳಿದಿತ್ತು. ಒಳಗಿನಿಂದ ಟ್ಯೂಬಿನ ಗಾಳಿ ಬಿಟ್ಟಂಥ ಸದ್ದು ಬರುತ್ತಿತ್ತು. ನಿಲ್ಲುತ್ತಿತ್ತು, ಮತ್ತೆ ಬರುತ್ತಿತ್ತು. ಸ್ವರ ಬರಲಿಲ್ಲ. ರಾಗಿ ಡಬ್ಬ ಹಿಡಿದು ಹೋಗಿದ್ದ ನಾನು ಹಾಗೇ ಹಿಂದಿರುಗಿ, ಗಿರಣಿ ಮುಚ್ಚಿದೆ ಎಂದು ಮನೆಯಲ್ಲಿ ಹೇಳಿದೆ.

ಶ್ರಾವಣ ಹುಟ್ಟಿದೊಡನೆ ಮುನಿರಾಜಣ್ಣ ಕೋಟಿನ ಸಮೇತ ಬಂದರು.

"ಅಣ್ಣಾ, ಭಾನುವಾರ ಜಕ್ಕೂರಲ್ಲಿ ಗೃಹಪ್ರವೇಶ. ಬಾ."

"ಗಾಳಿ ನಿಲ್ಲಲ್ಲ ಕಣೋ ಮುನಿರಾಜ."

"ಊದು ಅಂದ್ನಾ? ಸೀನ ಊದ್ತಾನೆ. ನೀನ್ ಸುಮ್ನೆ ನಿಂತ್ಕೋ."

"ಹಿಂದಿನ್ ಸಾಲಲ್ಲಾ?"

ಮುನಿರಾಜಣ್ಣ ಡ್ರಮ್ ಕೋಲಿನಂಥ ತಮ್ಮ ಬೆರಳುಗಳನ್ನು ನೋಡಿಕೊಂಡರು. "ಮನೇಲಿ ಕೂತ್ರೆ ಗೋಡೆ ನೋಡ್ತೀಯ. ಅಲ್ಲಿ ನಿಂತ್ರೆ ಸೀನನ್ ಬೆನ್ ನೋಡ್ತೀಯ. ಎರಡರಲ್ಲಿ ಯಾವ್ದು ವಾಸಿ ಯೋಚ್ನೆ ಮಾಡು."

"ಗೋಡೇನೇ ವಾಸಿ. ಬೆವರಲ್ಲ," ಎಂದರು ದೊಡ್ಡಪ್ಪ. ಆದರೂ ಕೋಟಿಗೆ ಕೈ ಚಾಚಿದರು.

ಹೀಗೆ ಅವರು ಊದದವರ ಸಾಲಿನ ತುದಿಗೆ ನಿಂತರು. ಗಣೇಶನ ಹಬ್ಬಕ್ಕೆ ಪಕ್ಕದ ಬಡಾವಣೆಗಳವರು ಲಾರಿಯ ಮೇಲೆ ಡಿಜೆ ತಂದಿದ್ದರಿಂದ ನಮ್ಮವರಿಗೆ ಸಿಕ್ಕಿದ್ದು ಒಂದು ಸಣ್ಣ ಬೀದಿಯ ಸಣ್ಣ ಗಣಪತಿ. ಆ ದಿನ ನಾನು ಕೆರೆಯವರೆಗೆ ಹಿಂದೆ ಹಿಂದೆ ನಡೆದೆ. ದೊಡ್ಡಪ್ಪನ ಬೆರಳುಗಳು ಟ್ರಂಪೆಟ್ಟಿನ ಗುಂಡಿಗಳನ್ನು ಒಂದೊಂದು ಸ್ವರಕ್ಕೂ ಸರಿಯಾಗಿ ಒತ್ತುತ್ತಿದ್ದವು. ಊದದವರಲ್ಲಿ ಯಾರೂ ಅಷ್ಟು ಕಷ್ಟಪಡುವುದಿಲ್ಲ. ಎಡತುಟಿಗೆ ಹಿಡಿತವಿಲ್ಲದ್ದರಿಂದ ವಾದ್ಯವನ್ನು ಬಾಯಿಯ ಬಲಮೂಲೆಗೆ ಆನಿಸಿಕೊಂಡಿದ್ದರು. ಅದರಿಂದ ತುದಿ ಒಂದಿಷ್ಟು ಬಲಕ್ಕೆ ವಾಲಿತ್ತು.

ನೋಡಿದೆ, ಆದರೆ ಅದಕ್ಕೆ ಅರ್ಥವಿದೆ ಎಂದು ತೋಚಲಿಲ್ಲ. ಬ್ಯಾಂಡಿನವರಿಗೂ ತೋಚಲಿಲ್ಲ. ಕಾರ್ತಿಕದ ಮದುವೆಗಳು ಶುರುವಾದಾಗ ಸೀನ ಮುಂದೆ ನಿಂತು ಊದುತ್ತಿದ್ದ, ನಿಜ. ಹಾಡು ಮುಗಿದ ಕ್ಷಣ ಉಳಿದವರ ಕಣ್ಣು ಮಾತ್ರ ತಾನಾಗಿ ಹಿಂದಿನ ಸಾಲಿನ ತುದಿಗೆ ಹೊರಳುತ್ತಿತ್ತು. ಸೀನನೂ ಒಮ್ಮೆ ಹೆಗಲ ಮೇಲಿಂದ ತಿರುಗಿ ನೋಡಿಯೇ ಉಸಿರು ತೆಗೆದುಕೊಳ್ಳುತ್ತಿದ್ದನಂತೆ. "ಈ ಸಲ ಗಂಡಿನ ಹಾಡು ಜಾಸ್ತಿ ಆಯ್ತು ಗುರು, ಬೀಗ್ರು ಫುಲ್ ಖುಷಿ," ಎಂದು ಅವನೇ ನಮ್ಮ ಗೇಟಿನ ಹತ್ತಿರ ನಿಂತು ನಕ್ಕಿದ್ದ. ಯಾಕೆ ಜಾಸ್ತಿಯಾಯಿತು ಎಂದು ಯಾರೂ ಕೇಳಲಿಲ್ಲ. ಮದುವೆಯಲ್ಲಿ ಅದು ತಪ್ಪಾಗುವುದೂ ಇಲ್ಲ.

ಧನುರ್ಮಾಸದಲ್ಲಿ ತಣಿಸಂದ್ರದಿಂದ ಒಂದು ಸಾವಿನ ಕರೆ ಬಂತು. ಬೈಕಿನಿಂದ ಬಿದ್ದ ಹುಡುಗ, ಇನ್ನೂ ಮದುವೆಯಾಗಿರಲಿಲ್ಲ. ಗೆಳೆಯರೆಲ್ಲ ಸೇರಿ ಬ್ಯಾಂಡು ಹೇಳಿದ್ದರು. ಅಲ್ಲಿ ನಾನಿರಲಿಲ್ಲ, ಮುನಿರಾಜಣ್ಣ ನಮ್ಮ ವೆರಾಂಡದಲ್ಲಿ ಕೂತು ಹೇಳಿದ್ದನ್ನಷ್ಟೇ ಹೇಳುತ್ತಿದ್ದೇನೆ. ಚಳಿಗೆ ದೊಡ್ಡಪ್ಪನ ಎಡಕೆನ್ನೆ ಇನ್ನೂ ಜಡವಾಗುತ್ತಿತ್ತು. ಮೊದಲ ಶೋಕದ ಹಾಡು ಮುಗಿದು ಹೆಣವನ್ನು ತಿರುವಿನಲ್ಲಿ ಇಳಿಸಿದಾಗ ಅವರು ತುಟಿ ಒರೆಸಿಕೊಂಡರು. ಎಲ್ಲರಿಗಿಂತ ಮೊದಲೇ ಟ್ರಂಪೆಟ್ ಎತ್ತಿ ಬಲಮೂಲೆಗೆ ಆನಿಸಿಕೊಂಡರು. ತುದಿ ಚೆನ್ನಾಗಿಯೇ ಬಲಕ್ಕೆ ವಾಲಿತು. ಸೀನ ತಿರುಗಿ ನೋಡಿದ, ಉಸಿರು ತೆಗೆದುಕೊಂಡ. ಇಡೀ ಬ್ಯಾಂಡು ಮದುಮಗನನ್ನು ಎದುರುಗೊಳ್ಳುವ ಹಾಡು ಎತ್ತಿತು.

ಹಾಡಿನ ಒಂದು ಸಾಲು ಮುಗಿಯುವುದರೊಳಗೆ ಎಲ್ಲರಿಗೂ ಗೊತ್ತಾಯಿತು. ಒಬ್ಬೊಬ್ಬರಾಗಿ ಊದುವುದು ನಿಲ್ಲಿಸಿದರು. ಮುನಿರಾಜಣ್ಣನ ಡ್ರಮ್ ಎಲ್ಲರಿಗಿಂತ ಕೊನೆಗೆ ನಿಂತಿತು. ಹೆಂಗಸರ ಅಳು ಕೂಡ ನಿಂತಿತ್ತಂತೆ. ಹುಡುಗನ ಸೋದರಮಾವ ಬಂದು ಸೀನನ ಕೊರಳಪಟ್ಟಿ ಹಿಡಿದ.

ದೊಡ್ಡಪ್ಪ ಸಾಲು ಬಿಟ್ಟು ಮುಂದೆ ಬಂದರು. "ಅವನ್ನ ಬಿಡಪ್ಪ. ತಪ್ಪು ನಂದು. ನನ್ನಿಂದಾನೇ ಆಗಿದ್ದು."

ಆ ಮಾವ ಅವರನ್ನು ಮೇಲಿನಿಂದ ಕೆಳಗೆ ನೋಡಿದ. "ನಿನ್ನಿಂದ ಏನಯ್ಯಾ ಆಗುತ್ತೆ? ಆವಾಗ್ಲಿಂದ ನೋಡ್ತಾನೇ ಇದೀನಿ. ನೀನ್ ಊದ್ತಾನೇ ಇಲ್ಲ."

ಇಷ್ಟು ಹೇಳಿ ಮುನಿರಾಜಣ್ಣ ನಮ್ಮ ದೊಡ್ಡಮ್ಮ ಕೊಟ್ಟ ನೀರು ಕುಡಿಯದೆ ಲೋಟವನ್ನು ಹಾಗೇ ಹಿಡಿದುಕೊಂಡಿದ್ದರು. ದೊಡ್ಡಪ್ಪ ಕೋಟು ಬಿಚ್ಚಿ, ಭುಜದ ಜರಿಪಟ್ಟಿ ಒಳಗೆ ಬರುವಂತೆ ಮಡಚಿ, ಅವರ ಪಕ್ಕದಲ್ಲಿಟ್ಟರು.

"ಯಾರೋ ನೊಂದಿರೋನು ಏನೋ ಅಂದ ಅಂತ ಬಿಟ್ಬಿಡ್ತೀಯಾ ಅಣ್ಣಾ?"

"ಅವನಂದಿದ್ದಕ್ಕಲ್ಲ."

"ಮತ್ತೆ? ನೆಟ್ಟಗೆ ಇಡ್ಕೊಂಡ್ರಾಯ್ತು. ಇಲ್ಲಾ, ನಾವು ನಿನ್ ಕಡೆ ನೋಡಲ್ಲ, ಮುಗೀತು."

"ನೋಡ್ತೀರ ಕಣೋ," ಎಂದರು ದೊಡ್ಡಪ್ಪ. "ನಾನ್ ನಿಂತಿರೋ ತನಕ ನೋಡ್ತೀರ. ಬಾಯಿಲ್ಲದೋನ್ನ ನೋಡ್ಕೊಂಡು ಬಾಯಿರೋರು ಊದ್ಬಾರ್ದು."

ಮುನಿರಾಜಣ್ಣ ಎದ್ದು ಹೋಗುವಾಗ ಕೋಟನ್ನು ಬೇಕೆಂದೇ ಮರೆತರು. ದೊಡ್ಡಮ್ಮ ಹಿಂದೆಯೇ ಓಡಿ ಕೊಟ್ಟುಬಂದರು.

ಆಮೇಲೆ ಸಂಕ್ರಾಂತಿ ಬಂತು, ಮಾಘದ ಲಗ್ನಗಳು ಬಂದವು. ನನಗೆ ಆರ್.ಟಿ. ನಗರದ ಒಂದು ಲ್ಯಾಬಿನಲ್ಲಿ ಕೆಲಸ ಸಿಕ್ಕಿತು. ದೊಡ್ಡಪ್ಪ ರಾಗಿ ಬೀಸಿದರು. ಸಂಜೆ ಬೇಗ ಗಿರಣಿ ಮುಚ್ಚುವ ಅಗತ್ಯ ಈಗಿಲ್ಲದ್ದರಿಂದ ಗಿರಾಕಿಗಳಿಗೆ ಅನುಕೂಲವಾಯಿತು. ಟ್ರಂಪೆಟ್ ಎಲ್ಲಿದೆ ಎಂದು ನಾನು ಕೇಳಿಲ್ಲ. ಕೇಳುವವಳು ನಾನಲ್ಲ ಎಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವುದರಿಂದಲೋ ಏನೋ, ದೊಡ್ಡಪ್ಪ ನನ್ನ ಜೊತೆ ಕೂರುವುದು ಹೆಚ್ಚಾಗಿದೆ.

ಶನಿವಾರ ಬಸ್ಸು ಇಳಿದು ಬಂದಾಗ ನಮ್ಮ ಬೀದಿಗೆ ಶಾಮಿಯಾನ ಹಾಕಿತ್ತು. ಮೂಲೆಮನೆಯ ಹುಡುಗಿಯ ಮದುವೆ. ಸಂಜೆ ಗಂಡಿನವರು ಬರುವವರಿದ್ದರು. ಬ್ಯಾಂಡು ನಮ್ಮೂರಿನದೇ. ದೊಡ್ಡಪ್ಪ ಗಿರಣಿಗೆ ಬೀಗ ಹಾಕಿ, ಮನೆಯೊಳಗೆ ಮಂಚದ ಮೇಲೆ ಗೋಡೆಗೆ ಒರಗಿ ಕೂತಿದ್ದರು.

"ಮಗಾ, ಆ ಕಿಟಕಿ ಮುಚ್ಚು."

"ಸೆಕೆ, ದೊಡ್ಡಪ್ಪ."

"ಮುಚ್ಚು. ನಮ್ ಗೇಟಿನ ಮುಂದೇನೇ ನಿಂತು ಶುರು ಮಾಡ್ತಾರೆ. ನಾನ್ ಕಂಡ್ರೆ ಈ ಕಡೆ ತಿರುಗ್ತಾರೆ."

ಮುಚ್ಚಿದೆ. ಬಾಗಿಲ ಸಂದಿಯಲ್ಲಿ ನಾನು ಮಾತ್ರ ನಿಂತೆ. ಡ್ರಮ್ ಹತ್ತಿರ ಬಂತು, ಕೆಂಪು ಕೋಟುಗಳು ಬಂದು ಗೇಟಿನ ಎದುರು ನಿಂತವು. ಹಿಂದಿನ ಸಾಲಿನ ತುದಿಯಲ್ಲಿ ನನಗೆ ಗುರುತಿಲ್ಲದ ಒಬ್ಬರು ಕೆನ್ನೆ ಉಬ್ಬಿಸಲು ಸಿದ್ಧವಾಗಿದ್ದರು. ನಡಿಗೆಯ ಹಾಡು ಮುಗಿಯಿತು. ಆ ಒಂದು ಗಳಿಗೆ ಬೀದಿಯಲ್ಲಿ ಸದ್ದೇ ಇರಲಿಲ್ಲ. ತಿರುಗಬೇಡಿ ಎಂದುಕೊಂಡೆನೋ ತಿರುಗಿ ಎಂದುಕೊಂಡೆನೋ, ನನಗೇ ತಿಳಿಯಲಿಲ್ಲ. ಸೀನ ಟ್ರಂಪೆಟ್ಟನ್ನು ಬಲಕ್ಕೆ ವಾಲಿಸಿದ. ಎಲ್ಲರೂ ಅವನನ್ನೇ ನೋಡುತ್ತಿದ್ದರು. ಮುನಿರಾಜಣ್ಣನೂ ಅವನನ್ನೇ. ಗಂಡಿನ ಹಾಡು ತಪ್ಪಿಲ್ಲದೆ ಎದ್ದಿತು.

"ತಿರುಗಿದ್ರಾ?" ಎಂದರು ದೊಡ್ಡಪ್ಪ, ಒಳಗಿನಿಂದ.

"ಇಲ್ಲ."

"ಯಾರೂ?"

"ಯಾರೂ ಇಲ್ಲ ದೊಡ್ಡಪ್ಪ."

ಹಾಡು ಒಂದು ಸುತ್ತು ಮುಗಿದು ಮತ್ತೆ ಮೊದಲಿಗೆ ಬಂತು.

"ಅಂಗಾದ್ರೆ ಕಿಟಕಿ ತೆಗಿ," ಎಂದರು. "ಸೆಕೆ."