ಅತ್ತೆ ಬಿಟ್ಟ ಹಕಾರ ಮತ್ತು ನನ್ನ ಸೌಂಡ್ ಕಾರ್ಡು

ಇವತ್ತು ಬೆಳಿಗ್ಗೆ ಕಂಪ್ಯೂಟರನ್ನು ಮುಂದಕ್ಕೆಳೆದು ಅದರ ಬೆನ್ನು ಒರೆಸುತ್ತಿದ್ದೆ. ನಮ್ಮ ಮನೆಯಲ್ಲಿ ಯಾರ ಬೆನ್ನನ್ನೂ ನಾನು ಇಷ್ಟು ಪ್ರೀತಿಯಿಂದ ಉಜ್ಜಿದವನಲ್ಲ. ಧೂಳು ಹೋದ ಹಾಗೆ ಒಂದೊಂದೇ ತೂತು ಕಣ್ಣು ಬಿಟ್ಟಿತು. ಸ್ಪೀಕರಿನದು ಹಸಿರು, ಇನ್ಯಾವುದಕ್ಕೋ ಒಂದು ನೀಲಿ. ಮೈಕಿನ ಗುಲಾಬಿ ತೂತು ಮಾತ್ರ ಕಣ್ಣು ಬಿಡಲಿಲ್ಲ. ಅದರ ಮೇಲೆ ಕುಂಕುಮದ ಬಣ್ಣದ ಸ್ಟಿಕ್ಕರ್ ಬೊಟ್ಟೊಂದು ಅಂಟಿಕೊಂಡು ಕೂತಿತ್ತು. ಅಂಚು ತುಸು ಎದ್ದಿತ್ತು. ಹೆಬ್ಬೆರಳಲ್ಲಿ ಒತ್ತಿ ಮತ್ತೆ ಕೂರಿಸಿದೆ.

ಆಯುಧಪೂಜೆಯ ದಿನ ಕಂಪ್ಯೂಟರಿಗೆ ಬೊಟ್ಟಿಡುವವರನ್ನು ನೀವೂ ನೋಡಿರುತ್ತೀರಿ. ಈ ಬೊಟ್ಟು ಆ ಜಾತಿಯದಲ್ಲ. ಇದು ಒಬ್ಬರ ಬಾಯಿ ಮುಚ್ಚಿಸಿದ ಬೊಟ್ಟು. ಯಾರ ಬಾಯಿ, ಯಾಕೆ ಅಂತ ಹೇಳುವ ಮೊದಲು ಒಂದು ಅಕ್ಷರದ ಬಗ್ಗೆ ನಿಮ್ಮ ಹತ್ತಿರ ಜಗಳ ಆಡಬೇಕು. ಆ ಅಕ್ಷರ ‘ಹ’.

ನಮ್ಮೂರು ಹೊಳೆನರಸೀಪುರ. ಬರೆಯುವಾಗ ಮಾತ್ರ ಹಾಗೆ. ಬಸ್‌ಸ್ಟ್ಯಾಂಡಿನಲ್ಲಿ ನಿಂತು ಕೇಳಿ: ‘ಆಸ್ನ ಆಸ್ನ ಆಸ್ನ!’ ‘ಅಳ್ಳಿಮೈಸೂರ್ ಯಾರ್ರೀ ಅಳ್ಳಿಮೈಸೂರು?’ ಹಾಸನದವರಿಗೆ ಹ ಬೇಡ, ಹಳ್ಳಿಮೈಸೂರಿನವರಿಗೆ ಹ ಬೇಡ. ಅರಕಲಗೂಡಿನವರು, ಚನ್ನರಾಯಪಟ್ಟಣದವರು ಬಚಾವ್, ಅವರ ಊರಿನ ಹೆಸರಲ್ಲಿ ಕಳೆದುಕೊಳ್ಳಲಿಕ್ಕೆ ಹಕಾರವೇ ಇಲ್ಲ. ನಾನು ಕಾಲೇಜಿನಲ್ಲಿ ಓದಿ ನಾಲಿಗೆಗೆ ಇಸ್ತ್ರಿ ಹೊಡೆಸಿಕೊಂಡವನು. ಹಾಗಂತ ಸಿಟ್ಟು ಬಂದಾಗ ನನ್ನ ಬಾಯಲ್ಲೂ ಹ ನಿಲ್ಲುವುದಿಲ್ಲ. ಸಿಟ್ಟು ಎಲ್ಲರಿಗಿಂತ ಪ್ರಾಮಾಣಿಕ ಮೇಷ್ಟ್ರು.

ನನ್ನ ಕಸುಬು ಇನ್ನೊಬ್ಬರ ಗಂಟಲು ಕದಿಯುವುದು. ಡೈರಿ ಸೆಕ್ರೆಟರಿ ಹಾಲಿಗೆ ಡಿಗ್ರಿ ಇಟ್ಟು ಗೊಣಗುವುದು, ಬಾಟನಿ ಲೆಕ್ಚರರು ಪ್ರತಿ ವಾಕ್ಯಕ್ಕೂ ‘ಆಯ್ತಾ?’ ಅಂತ ಮೊಳೆ ಹೊಡೆಯುವುದು, ನಮ್ಮಪ್ಪ ಫೋನಿನಲ್ಲಿ ದೊಡ್ಡ ಮನುಷ್ಯರ ಜೊತೆ ಮಾತಾಡುವಾಗ ಸೊಂಟ ಬಗ್ಗಿಸುವುದು, ಎಲ್ಲವನ್ನೂ ಮಾಡಿ ತೋರಿಸಬಲ್ಲೆ. ಸೊಂಟ ಬಗ್ಗಿದ್ದು ಫೋನಿನಲ್ಲಿ ಕೇಳುತ್ತದೆ, ಅನುಮಾನ ಬೇಡ. ಇಷ್ಟೆಲ್ಲ ಗಂಟಲು ತುಂಬಿಕೊಂಡ ಮೇಲೆ ನನ್ನ ಸ್ವಂತ ದನಿ ಯಾವುದು ಅಂತ ಕೇಳಿದರೆ ಮಾತ್ರ ನನಗೇ ಗಲಿಬಿಲಿ. ಎಟಿಎಂ ಯಂತ್ರ ಮಾತಾಡಿಸಿದರೂ ಅದರ ದನಿಯಲ್ಲೇ ಉತ್ತರ ಕೊಟ್ಟವನು ನಾನು.

ನಾನು ಕದ್ದ ಗಂಟಲುಗಳಲ್ಲೆಲ್ಲ ಅಪ್ಪಟ ಚಿನ್ನ ಅಂದರೆ ಹಳ್ಳಿಮೈಸೂರಿನ ನಮ್ಮತ್ತೆಯದು. ಅಪ್ಪನ ಅಕ್ಕ. ಈ ಗದ್ದೆಯಲ್ಲಿ ನಿಂತು ಆ ಗದ್ದೆಯ ಹಸುವನ್ನು ಬೈದರೆ ನಡುವಿನ ಗದ್ದೆಯವರೂ ತಲೆ ಬಗ್ಗಿಸಿಕೊಳ್ಳುತ್ತಿದ್ದರು. ಅವಳೆದುರಿಗೇ ಅವಳನ್ನು ಮಾಡಿ ತೋರಿಸುತ್ತಿದ್ದೆ. ‘ಇನ್ನೊಂದ್ ದಪ ಮಾಡ್ಲಾ,’ ಅನ್ನುವಳು. ಮಾಡಿದರೆ, ‘ಥೂ, ನಾನ್ ಇಷ್ಟ್ ಬಜಾರಿಯಾ?’ ಅಂತ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಗುವಳು.

ಇಂಥ ಅತ್ತೆ ಪೇಟೆಯವರ ಮುಂದೆ ಮಾತ್ರ ತುಟಿ ಬಿಚ್ಚುತ್ತಿರಲಿಲ್ಲ. ಅದಕ್ಕೆ ಕಾರಣ ಉಂಟು. ಒಮ್ಮೆ ಹಸುವಿನ ಸಾಲಕ್ಕೆ ಬ್ಯಾಂಕಿನ ಮೇಡಂ ಒಬ್ಬರು ಮನೆ ನೋಡಲು ಬಂದಿದ್ದರು. ಓದಿದವರು ಬಂದಿದ್ದಾರೆ, ಹ ಹಾಕಿ ಮಾತಾಡಬೇಕು ಅಂತ ಅತ್ತೆ ತೀರ್ಮಾನ ಮಾಡಿದಳು. ಎಲ್ಲಿ ಹಾಕಬೇಕು ಅನ್ನುವುದೊಂದು ಗೊತ್ತಿರಲಿಲ್ಲ. ಹಾಗಾಗಿ ಎಲ್ಲ ಕಡೆಗೂ ಧಾರಾಳವಾಗಿ ಹಾಕಿದಳು. ‘ಕುಂತ್ಕಳಿ ಹಮ್ಮಾ. ಹೆಲೆ ಹಡಕೆ ಹಾಕ್ಕತೀರಾ? ಹಕ್ಕಿ ರೊಟ್ಟಿ ಮಾಡಿವ್ನಿ, ತಿಂದ್ಕಂಡ್ ಓಗಿ.’ ಆ ಮೇಡಂ ಪಾಪ ಗಾಬರಿಯಾಗಿ, ‘ಅಯ್ಯೋ, ನಾವು ಹಕ್ಕಿ ಎಲ್ಲಾ ತಿನ್ನಲ್ಲಮ್ಮ!’ ಅಂದರು. ಜೊತೆಗೆ ಬಂದಿದ್ದ ಗುಮಾಸ್ತ ನಕ್ಕ ನಗುವಿಗೆ ಕಟ್ಟಿದ್ದ ಹಸು ಎದ್ದು ನಿಂತಿತು. ಅಕ್ಕಿ ರೊಟ್ಟಿ ಹಂಚಿನ ಮೇಲೇ ಸೀದುಹೋಯಿತು. ಅವತ್ತಿನಿಂದ ಪ್ಯಾಂಟಿಗೆ ಇನ್‌ಶರ್ಟ್ ಮಾಡಿದವರು ಯಾರೇ ಬರಲಿ, ಅತ್ತೆಯದು ಬರೀ ತಲೆಯಾಡಿಸುವುದು. ಗದ್ದೆ ದಾಟುವ ಗಂಟಲು ಹೊಸಿಲು ದಾಟುತ್ತಿರಲಿಲ್ಲ.

ಈಗ ಕಂಪ್ಯೂಟರಿಗೆ ಬರೋಣ. ಮೂರ್ನಾಲ್ಕು ವರ್ಷದ ಹಿಂದೆ, ಕಥೆಗಳನ್ನು ಓದಿಸಿ ಮೊಬೈಲಿಗೆ ಬಿಡುವ ದೊಡ್ಡೂರಿನ ಕಂಪನಿಯೊಂದು ದನಿಗಳನ್ನು ಹುಡುಕುತ್ತಿತ್ತು. ಒಂದು ಕಥೆಯ ಅಜ್ಜಿಯ ಮಾತುಗಳನ್ನು ಕಳಿಸಿ, ‘ಮಾದರಿಗೆ ಓದಿ’ ಅಂದರು. ಕಾಗದದಲ್ಲಿದ್ದದ್ದು: ‘ಹಾಲು ಕಾಯಿಸಿಟ್ಟಿದ್ದೇನೆ. ಹೊರಗೆ ಹೋಗಬೇಡ, ಹಾವಿದೆ.’ ನಾನು ಅತ್ತೆಯ ಗಂಟಲು ತೊಟ್ಟುಕೊಂಡು ಹೇಳಿದೆ: ‘ಆಲ್ ಕಾಯ್ಸಿಟ್ಟಿವ್ನಿ. ಒರಗ್ ಓಗ್ಬ್ಯಾಡ ಕಣ್ಲಾ, ಆವದೆ!’ ಹೇಳಿದ ಮೇಲೆ ನಾನೇ ಕುರ್ಚಿಯ ಕೆಳಗೆ ಬಗ್ಗಿ ನೋಡಿದೆ.

ಎರಡು ದಿನಕ್ಕೆ ಉತ್ತರ ಬಂತು. ‘ದನಿ ಬಹಳ ಚೆನ್ನಾಗಿದೆ. ಆದರೆ ಹಕಾರದ ತೊಂದರೆ ಇದೆ. ನಿವಾರಿಸಿ ಮತ್ತೆ ಕಳಿಸಿ.’

ಬೇರೆ ಯಾವ ಜಿಲ್ಲೆಯವನಾದರೂ ಅರ್ಥ ಮಾಡಿಕೊಳ್ಳುತ್ತಿದ್ದ. ನಾನು ಹೆಡ್‌ಫೋನ್ ಹಾಕಿಕೊಂಡು ನನ್ನ ರೆಕಾರ್ಡಿಂಗನ್ನೇ ಮತ್ತೆ ಕೇಳಿದೆ. ಹೌದು! ಅತ್ತೆಯ ಮಾತಿನ ಹಿಂದೆ ಸಣ್ಣಗೆ, ಬಿಡದೆ, ಉಬ್ಬಸದವರು ಪಕ್ಕದಲ್ಲಿ ಮಲಗಿದ ಹಾಗೆ ಒಂದು ‘ಹ್ಹ್ಹ್ಹ್ಹ್’. ನಮ್ಮ ಬಾಯಲ್ಲಂತೂ ಹ ಇಲ್ಲ. ಹಾಗಾದರೆ ಅವರು ಹೇಳುತ್ತಿರುವ ಹಕಾರದ ತೊಂದರೆ ಇದೇ! ಕಂಪ್ಯೂಟರು ಹ ಅನ್ನುತ್ತಿದೆ! ನನ್ನ ಕಿವಿಯ ಸೂಕ್ಷ್ಮಕ್ಕೆ ನಾನೇ ಬೆನ್ನು ತಟ್ಟಿಕೊಂಡೆ.

ಅವತ್ತು ಅತ್ತೆ ಮನೆಗೆ ಬಂದಿದ್ದಳು. ಹೆಡ್‌ಫೋನನ್ನು ಅವಳ ಕಿವಿಗಿಟ್ಟು ಅತ್ತೆಯ ದನಿ ಇಲ್ಲದ ಜಾಗ ಕೇಳಿಸಿದೆ.

‘ಏನ್ಲಾ ಇದು, ಉಸ್ ಅಂತದೆ?’

‘ಹಕಾರ ಕಣತ್ತೆ. ಆ ಗುಲಾಬಿ ತೂತಿಂದ ಬತ್ತಾ ಐತೆ.’

ಅತ್ತೆ ತೂತನ್ನು ಬಗ್ಗಿ ನೋಡಿ ಅಂದಳು, ‘ಓಗ್ಲಿ ಬಿಡು. ನಾವ್ ಊರ್ನೋರು ಬಿಟ್ಟಿದ್ದೆಲ್ಲಾ ಇದ್ರೊಳಿಕ್ ಬಂದ್ ಸೇರ್ಕಂಡದೆ.’

ಹೀಗೆ ನಾನು, ಮೈಕಿನ ದನಿಯನ್ನು ಕಂಪ್ಯೂಟರಿನೊಳಕ್ಕೆ ಸಾಗಿಸುವ ಸೌಂಡ್ ಕಾರ್ಡ್ ಹುಡುಕಿಕೊಂಡು ಹಾಸನಕ್ಕೆ ಹೊರಟೆ. ಅದಕ್ಕೆ ಮೊದಲು ವಾರಗಟ್ಟಲೆ ಓದಿದ್ದೆ, ವಧು ಅನ್ವೇಷಣೆಗೂ ನಮ್ಮ ಮನೆಯವರು ಇಷ್ಟು ವಿಚಾರಿಸುವುದಿಲ್ಲ. ತಿಳಿದದ್ದು ಇಷ್ಟು. ಕಂಪ್ಯೂಟರಿನ ಜೊತೆಗೇ ಬರುವ ಸೌಂಡು ಒಟ್ಟು ಕುಟುಂಬದ ಕಿರಿಸೊಸೆ. ಅದೇ ಹಲಗೆಯ ಮೇಲೆ ಫ್ಯಾನು, ಕರೆಂಟು, ಮೆಮೊರಿ ಎಲ್ಲರ ಗದ್ದಲ ಸಹಿಸಿಕೊಂಡು ಇರಬೇಕು. ಮೌಸ್ ಅಲ್ಲಾಡಿಸಿದರೂ ಅವಳು ಕಿರ್ ಅನ್ನುತ್ತಾಳೆ. ಡಬ್ಬದೊಳಗೇ ಚುಚ್ಚುವ ಕಾರ್ಡು ತಂದರೆ ಅದೇ ಮನೆಯಲ್ಲಿ ಬೇರೆ ರೂಮು ಕೊಟ್ಟ ಹಾಗೆ. ಕೆಲವರಿಗೆ ಅಷ್ಟು ಸಾಕು. ಯುಎಸ್‌ಬಿ ವಯರಿನಲ್ಲಿ ಹೊರಗೆ ಕೂರುವ ಕಾರ್ಡಾದರೆ ಬೇರೆ ಮನೆಯನ್ನೇ ಮಾಡಿಕೊಟ್ಟ ಹಾಗೆ. ನಮ್ಮ ಅಮ್ಮ ಇದನ್ನು ಕೇಳಿ, ‘ಒರಗಿಂದೇ ತಗ,’ ಅಂದಳು. ಅವಳು ಯಾವುದರ ಬಗ್ಗೆ ಹೇಳಿದಳೋ ನಾನು ಕೆದಕಲಿಲ್ಲ.

ಅಂಗಡಿಯವನು ನನ್ನ ವಯಸ್ಸಿನವನೇ. ‘ಗೇಮ್ ಆಡಕ್ಕಾ ಸಾ?’ ಅಂತ ಬಣ್ಣದ ದೀಪ ಹತ್ತುವ ಡಬ್ಬಿಯೊಂದನ್ನು ಮುಂದಿಟ್ಟ. ‘ಸೆವೆನ್ ಪಾಯಿಂಟ್ ಒನ್ ಸಾ. ಎಂಟ್ ಕಡಿಂದ ಸೌಂಡ್ ಬತ್ತದೆ.’

‘ನಮ್ಮತ್ತೆ ಒಂದೇ ಕಡೆ ನಿಂತ್ಕಂಡು ಎಂಟು ದಿಕ್ಕಿಗೂ ಕೇಳುಸ್ತಾಳೆ. ಅದು ಬ್ಯಾಡ ಕಣಪ್ಪ.’

‘ಬೇಸ್ ಬೇಕಾ ಸಾ? ಎದೆ ಗುದ್ದಂಗೆ?’

‘ಗುದ್ದಕ್ಕೆ ಮನೇಲಿ ಜನ ಅವ್ರೆ.’

ನನ್ನ ಪರೀಕ್ಷೆ ಬೇರೆ ಇತ್ತು. ಮನೆಯಿಂದ ಒಯ್ದಿದ್ದ ಮೈಕಿನ ಪಿನ್ ಚುಚ್ಚಿ, ಮೈಕಿನ ಸ್ವಿಚ್ ಮಾತ್ರ ಆರಿಸಿ, ರೆಕಾರ್ಡಿಂಗ್ ಮಟ್ಟವನ್ನು ತುದಿವರೆಗೆ ಏರಿಸಿ ಕಿವಿ ಕೊಟ್ಟೆ. ಒಂದು ಡಬ್ಬಿ ಒಲೆಯ ಮೇಲಿನ ಹಂಚಿನ ಹಾಗೆ ಚುರ್ ಅಂತು. ಇನ್ನೊಂದು ದುಂಬಿ. ಕೊನೆಗೆ ಅವನು ಮೂಲೆಯಿಂದ ತೆಗೆದದ್ದಕ್ಕೆ ದೀಪವಿಲ್ಲ, ಬಣ್ಣವಿಲ್ಲ. ಬೂದಿ ಬಣ್ಣದ ಪೆಟ್ಟಿಗೆ, ಎರಡು ತಿರುಗುಣಿ. ಚುಚ್ಚಿದೆ. ಏರಿಸಿದೆ. ಕಿವಿಯೊಳಗೆ ಏನೂ ಇಲ್ಲ. ಬಾವಿಗೆ ಕಲ್ಲು ಹಾಕಿ, ಅದಿನ್ನೂ ಬೀಳುತ್ತಲೇ ಇದೆಯೋ ಏನೋ ಅನ್ನುವ ಹಾಗೆ.

ಅಂಗಡಿಯವನು ಹೆಡ್‌ಫೋನ್ ಇಸಕೊಂಡು ಕೇಳಿ ಪೆಚ್ಚಾದ. ‘ಏನೂ ಕೇಳುಸ್ತಾನೇ ಇಲ್ವಲ್ಲ ಸಾ. ಇದು ಕೆಟ್ಟೋಗಿರ್ಬೇಕು.’

‘ಅದೇ ಬೇಕಾಗಿರೋದು. ಪ್ಯಾಕ್ ಮಾಡು.’

ಸೌಂಡ್ ಕಾರ್ಡನ್ನು ಸದ್ದಿಗಾಗಿ ಅಲ್ಲದೆ ನಿಶ್ಶಬ್ದಕ್ಕಾಗಿ ಕೊಂಡ ಗಿರಾಕಿ ಅವನಿಗೆ ನಾನೇ ಮೊದಲಿಗನಿರಬೇಕು. ಬಸ್ಸಿನಲ್ಲಿ ಪೆಟ್ಟಿಗೆಯನ್ನು ಮಗುವಿನ ಹಾಗೆ ತೊಡೆಯ ಮೇಲಿಟ್ಟುಕೊಂಡು ಬಂದೆ.

ಮನೆಗೆ ಬಂದು ಮತ್ತೆ ಓದಿದೆ. ಅತ್ತೆಯ ಗಂಟಲು ಪಾತ್ರೆ ಬೆಳಗಿಟ್ಟಂತೆ ಬಂತು. ಹಿಂದೆ ಉಸಿರಿಲ್ಲ, ಉಬ್ಬಸವಿಲ್ಲ. ‘ಹಕಾರವನ್ನು ಸಂಪೂರ್ಣವಾಗಿ ನಿವಾರಿಸಿದ್ದೇನೆ’ ಅಂತ ಹೆಮ್ಮೆಯಿಂದ ಬರೆದು ಕಳಿಸಿದೆ.

ಈ ಸಲ ಕಂಪನಿಯವರೇ ಫೋನ್ ಮಾಡಿದರು. ಎಡಿಟರ್ ಸಾಹೇಬರು. ಸ್ಪೀಕರಿನಲ್ಲಿ ಹಾಕಿದೆ, ಪಕ್ಕದಲ್ಲಿ ಅತ್ತೆ ಅವರೆಕಾಯಿ ಬಿಡಿಸುತ್ತ ಕೂತಿದ್ದಳು.

‘ನೀವು ತಮಾಷೆ ಮಾಡುತ್ತಿದ್ದೀರಾ?’ ಅಂದರು. ‘ಹಕಾರ ಹಾಕಿ ಅಂದರೆ ನಿವಾರಿಸಿದ್ದೇನೆ ಅಂತೀರಲ್ಲ! ಮೊದಲನೆಯದರಲ್ಲಿ ಗದ್ದಲದ ನಡುವೆ ಹೇಗೋ ತೇಲಿಹೋಗುತ್ತಿತ್ತು. ಈಗಂತೂ ಹ ಇಲ್ಲದಿರುವುದು ಸ್ವಚ್ಛವಾಗಿ ಕೇಳುತ್ತಿದೆ.’

ನನ್ನ ತಲೆಯೊಳಗೆ ಎರಡು ಹಕಾರಗಳು ಡಿಕ್ಕಿ ಹೊಡೆದು ಬಿದ್ದದ್ದು ಆಗ. ಹಾಸನವೆಲ್ಲ ಸುತ್ತಿ, ಎಲ್ಲಕ್ಕಿಂತ ಒಳ್ಳೆಯ ಕಾರ್ಡು ಆರಿಸಿ ತಂದು, ನನ್ನ ತಪ್ಪು ಫಳಫಳ ಹೊಳೆಯುವ ಹಾಗೆ ಮಾಡಿಕೊಂಡಿದ್ದೆ.

‘ಸಾ,’ ಅಂದೆ, ‘ಕಥೇಲಿರೋದು ಹಳ್ಳಿ ಅಜ್ಜಿ. ಅವಳು ನಮ್ಮ ಕಡೆ ಹೀಗೇ ಮಾತಾಡೋದು.’

‘ಹಳ್ಳಿಯವಳಾದರೇನು? ಕಣ್ಲಾ ಇರಲಿ, ಚೆನ್ನಾಗಿದೆ. ಬ್ಯಾಡ ಇರಲಿ. ಹಾಲು ಮಾತ್ರ ಹಾಲೇ ಆಗಬೇಕು. ಆಲು ಅಂದರೆ ಕೇಳುವವರು ನಗುತ್ತಾರೆ.’

ನಗುತ್ತಾರೆ! ನಾನು ಅತ್ತೆಯ ಮುಖ ನೋಡಿದೆ. ಅವಳ ಕೈ ಅವರೆಕಾಯಿಯ ಮೇಲೆ ನಿಂತಿತ್ತು. ಆ ಗುಮಾಸ್ತನ ನಗು, ಸೀದ ರೊಟ್ಟಿ ಎರಡೂ ಆ ಹಜಾರಕ್ಕೆ ಬಂದು ಕೂತವು. ಅತ್ತೆಯ ಕಣ್ಲಾ ಬೇಕು, ಬ್ಯಾಡ ಬೇಕು, ಬಣ್ಣಕ್ಕೆ ಕೊತ್ತಂಬರಿ ಸೊಪ್ಪು ಉದುರಿಸಿದ ಹಾಗೆ. ಅತ್ತೆ ಪೂರ್ತಿ ಬೇಡ. ಒಂದು ಅಕ್ಷರ ತುರುಕಿದರೆ ಕೆಲಸ ನನ್ನದು. ನನಗೆ ಆ ಕೆಲಸ ಬೇಕಿತ್ತು, ಸುಳ್ಳು ಯಾಕೆ? ಊರಲ್ಲಿ ಎಲ್ಲರಿಗೂ ಹೇಳಿಯೂ ಆಗಿತ್ತು. ಹ ಹಾಕಲು ನನಗೆ ಬರುತ್ತದೆ, ಯಾವ ಗಂಟಲಿಗೆ ಬೇಕಾದರೂ ಹಾಕಬಲ್ಲೆ. ಆದರೆ ಅತ್ತೆಯ ಗಂಟಲಿಗೆ ಹ ಹಾಕಿದರೆ ಆಮೇಲೆ ಬರುವುದು ಆ ‘ಹಕ್ಕಿ ರೊಟ್ಟಿ’ಯ ಅತ್ತೆ. ಆ ಒಬ್ಬಳನ್ನು ನಾನು ಯಾವತ್ತೂ ಅನುಕರಣೆ ಮಾಡಿಲ್ಲ.

‘ಆಗಲ್ಲ ಸಾ,’ ಅಂದೆ.

‘ಹಾಗಾದರೆ ಬೇರೆಯವರಿಂದ ಓದಿಸುತ್ತೇವೆ.’

‘ಅಂಗೇ ಮಾಡಿ ಸಾ.’ ನೋಡಿ, ಸಿಟ್ಟು ಬಂದಿತ್ತು.

ಅಷ್ಟರಲ್ಲಿ ಅತ್ತೆ ಸಿಪ್ಪೆಯ ಮೊರವನ್ನು ಬದಿಗಿಟ್ಟು ಫೋನಿನತ್ತ ಬಗ್ಗಿದಳು. ಇನ್‌ಶರ್ಟ್ ಮಾಡಿದ ದನಿಯೊಂದರ ಎದುರು ಅವಳು ಬಾಯಿ ಬಿಟ್ಟದ್ದನ್ನು ನಾನು ಕಂಡದ್ದು ಎಷ್ಟೋ ವರ್ಷದ ಮೇಲೆ.

‘ಯಾರಪ್ಪ ನೀನು? ನಾ ಆಲು ಅಂತೀನಿ. ಮೂರೊತ್ತೂ ಕಾಯುಸ್ತೀನಿ. ನಾ ಆಲು ಅಂದೆ ಅಂತ ಅದು ಕೆನೆ ಕಟ್ಟದೆ ಇದ್ದದ್ದ ಒಂದ್ ದಿನಾನೂ ನೋಡ್ಲಿಲ್ಲ ಕಣಪ್ಪ!’

ಆ ಕಡೆ ಎಡಿಟರ್ ಸಾಹೇಬರು ಗಂಟಲು ಸರಿ ಮಾಡಿಕೊಂಡು, ‘ನೋಡಿ ಸ್ವಾಮಿ, ನಾನು ಗಂಭೀರವಾಗಿ ಮಾತಾಡುತ್ತಿದ್ದೇನೆ. ದಯವಿಟ್ಟು ಈಗ ಮಿಮಿಕ್ರಿ ಬೇಡ,’ ಅಂದು ಫೋನಿಟ್ಟರು.

ನನ್ನ ಜೀವಮಾನದಲ್ಲಿ ನನಗೆ ಸಿಕ್ಕ ಅತಿ ದೊಡ್ಡ ಹೊಗಳಿಕೆ ಅದು. ಸಿಕ್ಕಿದ್ದು ಅತ್ತೆಯ ಮಾತಿಗೆ.

ಇಬ್ಬರೂ ನಕ್ಕು ನಕ್ಕು ಕಣ್ಣೊರೆಸಿಕೊಂಡೆವು. ಆಮೇಲೆ ಅತ್ತೆ ಕೇಳಿದಳು, ‘ಆ ಉಸ್ ಅನ್ನೋ ತೂತು ಇನ್ನೂ ಅದಾ?’ ತೋರಿಸಿದೆ. ಹಣೆಯ ಬೊಟ್ಟನ್ನು ಕಿತ್ತು ಗುಲಾಬಿ ತೂತಿನ ಮೇಲಿಟ್ಟು ಒತ್ತಿದಳು. ‘ಇರ್ಲಿ ಬಿಡು ಇದ್ರೊಳಗೇ, ಹ!’

ಆ ‘ಹ’ ಎಷ್ಟು ಸ್ಪಷ್ಟವಾಗಿ ಬಂತೆಂದರೆ ನಾನು ಬೆಪ್ಪಾದೆ. ಹೊಟ್ಟೆಯಿಂದ ಎದ್ದು ಬಂದ, ಯಾವ ಕನ್ನಡ ಮೇಷ್ಟ್ರೂ ತಲೆದೂಗುವ ಹಕಾರ.

‘ಅತ್ತೆ! ನಿಂಗೆ ಬತ್ತದಲ್ಲ!’

‘ಬರಾಕಿಲ್ಲ ಅಂತ ಯಾವನ್ಲಾ ಅಂದೋನು? ಬ್ಯಾಡ.’

ಆ ಕಥೆಯನ್ನು ಬೇರೆ ಯಾರೋ ಓದಿದರು. ಹಾಲು ಹಾಲಾಗಿಯೇ ಇದೆ, ಹಾವಿನ ಭಯ ಮಾತ್ರ ಆಗುವುದಿಲ್ಲ. ನಾನು ನನ್ನದೇ ಮಾತುಗಳನ್ನು ಅತ್ತೆಯ ಗಂಟಲಲ್ಲಿ ಹೇಳಿ ಮೊಬೈಲಿಗೆ ಬಿಡಲು ಶುರು ಮಾಡಿದೆ. ಕೆಲವರು ನಕ್ಕರು. ಕೆಲವರು ಭಾಷೆ ಕೆಡಿಸುತ್ತೀಯ ಅಂತ ಬೈದರು, ಬೈಗುಳದಲ್ಲಿ ಅವರ ಹಕಾರವೆಲ್ಲ ಸರಿಯಾಗಿತ್ತು. ನುಗ್ಗೇಹಳ್ಳಿಯ ಹೆಂಗಸೊಬ್ಬರು ಮಾತ್ರ, ‘ನಮ್ಮವ್ವ ಕರ್ದಂಗಾಯ್ತು ಕಣಪ್ಪ’ ಅಂತ ಬರೆದಿದ್ದರು. ಅದನ್ನು ಓದಿ ಹೇಳಿದ ಮೇಲೆ ಅತ್ತೆಗೆ ಸುಮ್ಮನಿರಲಾಗಲಿಲ್ಲ. ‘ನನ್ ಗಂಟ್ಲ ನೀನ್ಯಾಕ್ಲಾ ಒತ್ಕಂಡ್ ತಿರುಗ್ತೀಯ? ನಾನೇನ್ ಸತ್ತೋಗಿವ್ನಾ?’

ಅದಕ್ಕೇ ಈ ಬೆಳಗಿನ ಧೂಳು ಒರೆಸುವ ಸಂಭ್ರಮ. ಹಳ್ಳಿಮೈಸೂರಿನ ಬಸ್ಸು ಬಂತು. ಅತ್ತೆ ಕಾಲು ತೊಳೆದು ಒಳಗೆ ಬಂದಳು, ಹೊಸ ಬೊಟ್ಟು ಇಟ್ಟುಕೊಂಡಿದ್ದಳು. ನನ್ನ ಕುರ್ಚಿಯಲ್ಲಿ ಕೂತಳು. ಮೈಕಿನ ಮುಂದೆ ಹೇಗೆ ಮಾತಾಡಬೇಕು ಅಂತ ನಾನು ಅವಳ ದನಿಯಲ್ಲೇ ಮಾಡಿ ತೋರಿಸಹೊರಟೆ.

‘ಸುಮ್ಕಿರ್ಲಾ,’ ಅಂದಳು. ‘ನಿನ್ ದನೀಲಿ ಬೇಕಾರೆ ಏನಾರ ಯೋಳು.’

ನನ್ನ ದನಿ! ಹುಡುಕಿದೆ, ಕೈಗೆ ಸಿಗಲಿಲ್ಲ. ತೆಪ್ಪಗೆ ಪಕ್ಕದ ಮಣೆಯ ಮೇಲೆ ಕೂತು ತಿರುಗುಣಿ ಹಿಡಿದೆ. ಬೂದಿ ಬಣ್ಣದ ಪೆಟ್ಟಿಗೆ ಉಸಿರು ಬಿಗಿಹಿಡಿದು ಕಾಯುತ್ತಿತ್ತು. ಅತ್ತೆ ಮೈಕನ್ನು ಹಸುವಿನ ಮೂತಿಯ ಹಾಗೆ ತನ್ನ ಕಡೆಗೆ ತಿರುಗಿಸಿಕೊಂಡು, ಆ ಗದ್ದೆಗೆ ಕೇಳುವಂತೆ ಕೂಗಿದಳು:

‘ಅಲೋ!’