ಮೊದಲು ಉಂಡವಳ ಕಥೆ

ನಾನು ಬರೆಯುತ್ತೇನೆ ಎಂಬುದು ಕೊಟ್ಟೂರಿನ ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಏನು ಬರೆಯುತ್ತೇನೆಂದು ಯಾರೂ ಕೇಳಿರಲಿಲ್ಲ. ನನಗೂ ಅದೇ ಬೇಕಾಗಿತ್ತು. ಮಾವ, ಗಂಡ ಬೀಜ-ಗೊಬ್ಬರದ ಅಂಗಡಿಗೆ ಹೋದ ಮೇಲೆ ಬರೆದು, ಅತ್ತೆ ಮಧ್ಯಾಹ್ನದ ನಿದ್ದೆಯಿಂದ ಏಳುವಷ್ಟರಲ್ಲಿ ಎತ್ತಿಡುತ್ತಿದ್ದೆ. ಯಾರಾದರೂ ಓದಿಬಿಟ್ಟಾರೆಂದು ಹಾಳೆಗಳನ್ನು ಸೀರೆಗಳ ಅಡಿಗೆ ತುರುಕುತ್ತಿದ್ದೆ.

ಹಡಗಲಿಯಲ್ಲಿ ಕೆಲವರು ತಿಂಗಳಿಗೊಮ್ಮೆ ಕಥೆ ಓದಲು ಸೇರುತ್ತಾರೆ. ಗೆಳತಿಯೊಬ್ಬಳು ನನ್ನನ್ನು ಕೇಳದೆಯೇ ಅಲ್ಲಿಗೆ ನನ್ನ ಹೆಸರು ಕೊಟ್ಟಳು. ಗಂಡನೇ ಬೈಕಿನಲ್ಲಿ ಕರೆದುಕೊಂಡು ಹೋದ. ನಾನು ಓದಿದ್ದು ಒಬ್ಬ ಸೊಸೆಯ ಕಥೆ. ದಿನಾ ಎಲ್ಲರೂ ಉಂಡೆದ್ದ ಮೇಲೆ ಅಡುಗೆಮನೆಯಲ್ಲಿ ನಿಂತೇ ಉಣ್ಣುವವಳು ಒಂದು ದಿನ ಎಲ್ಲರಿಗಿಂತ ಮೊದಲು ನಡುಮನೆಯಲ್ಲಿ ಕೂತು ಉಣ್ಣುತ್ತಾಳೆ. ಓದುವಾಗ ಒಂದೇ ಸಾಲನ್ನು ಎರಡು ಸಲ ಓದಿದೆ.

ಮುಗಿದ ಮೇಲೆ ಎಲ್ಲರೂ ಮುಂದಿನ ಸಾಲಿನ ನಿವೃತ್ತ ಕನ್ನಡ ಮೇಷ್ಟರ ಕಡೆ ನೋಡಿದರು. ಅಲ್ಲಿ ಅವರ ಮಾತೇ ತೀರ್ಪು.

"ಇದು ಕಥಿ ಅಲ್ರಿ ಅಮ್ಮಾ, ಅಡಗಿಮನಿ ತಕರಾರು. ನಿಮ್ಮ ಅತ್ತಿ ಮುಂದ ಹೇಳಬೇಕಿತ್ತು, ನಮ್ಮ ಮುಂದ್ಯಾಕ?"

ಇಡೀ ಕೋಣೆ ನಕ್ಕಿತು. ನಾನು ಗಂಡನ ಮುಖ ನೋಡಿದೆ. ಅವನೂ ನಗುತ್ತಿದ್ದ, ಪಕ್ಕದವರಿಗಿಂತ ಜೋರಾಗಿ.

ಹೊರಗೆ ಬಂದು ಬೈಕ್ ಹತ್ತುವಾಗ ಆ ನಗು ಇರಲಿಲ್ಲ. "ಮನಿ ಮರ್ಯಾದಿನ ಹಡಗಲಿತನಕ ತಂದು ಹರಾಜಿಗೆ ಇಟ್ಟಿ ನೋಡು."

"ಅದು ಕಥಿ ರೀ."

"ಯಾರ ಮನಿ ಕಥಿ ಅಂತ ನನಗ ತಿಳಿಯಲ್ಲೇನು?"

ನಾವು ಮನೆ ಮುಟ್ಟುವ ಮೊದಲೇ ನಾನು ಓದಿದ್ದರ ವಿಡಿಯೋ ಅತ್ತೆಯ ಫೋನು ಮುಟ್ಟಿತ್ತು. ಯಾರು ಕಳಿಸಿದರೋ ಇವತ್ತಿಗೂ ತಿಳಿಯದು. ಮರುದಿನ ಮಧ್ಯಾಹ್ನ ಮಾವ, ಗಂಡ ಊಟಕ್ಕೆ ಬಂದಾಗ ಅತ್ತೆ ನಡುಮನೆಯ ಮಧ್ಯೆ ಒಂದೇ ತಟ್ಟೆ ಇಟ್ಟು ನನ್ನನ್ನು ಕರೆದರು.

"ಬಾ, ಕುಂದ್ರು. ಊರಿಗೆಲ್ಲಾ ಹೇಳಿ ಬಂದೀಯಲ್ಲ, ಉಣ್ಣು. ನಾವೆಲ್ಲಾ ನಿಂತು ನೋಡ್ತೀವಿ."

ಮಾವ ಗೋಡೆಗೆ ಒರಗಿ ನಿಂತರು. ಗಂಡ ಬಾಗಿಲಲ್ಲೇ ನಿಂತ. ಅತ್ತೆಯೇ ರೊಟ್ಟಿ, ಮುಳಗಾಯಿ ಪಲ್ಯ ಬಡಿಸಿದರು. "ನಾ ಮುದುಕಿ ಆಗೋತನಕ ಒಲಿ ಮುಂದ ಉಂಡೀನಿ. ಒಬ್ಬರ ಮುಂದರ ಅಂದೀನೇನು?"

ಎದ್ದು ಹೋಗಬಹುದಿತ್ತು, ಅಳಬಹುದಿತ್ತು. ಅವರು ಕಾಯುತ್ತಿದ್ದದ್ದೂ ಅದಕ್ಕೇ. ಸಿಟ್ಟು ಬಂದಿತ್ತು, ಆದರೂ ಕೂತು ಉಂಡೆ. ಮುಗಿದ ಮೇಲೆ ತಲೆಯೆತ್ತಿ, "ಇನ್ನೊಂದು ರೊಟ್ಟಿ ಹಾಕ್ರಿ ಅತ್ತಿ" ಎಂದೆ. ಅತ್ತೆ ರೊಟ್ಟಿಯನ್ನು ತಟ್ಟೆಗೆ ಎಸೆದು ಒಳಗೆ ಹೋದರು.

ಆ ವಾರವೇ ಕಥೆಯನ್ನು ಮೊದಲಿನಿಂದ ಬರೆದೆ. ನಿಂತು ನೋಡುವವರನ್ನೂ, ಎಸೆದ ರೊಟ್ಟಿಯನ್ನೂ ಸೇರಿಸಿದೆ. ಮುಂದಿನ ತಿಂಗಳು ಯಾರನ್ನೂ ಕೇಳದೆ ಒಬ್ಬಳೇ ಹಡಗಲಿಗೆಂದು ಬಸ್ಸು ಹತ್ತಿದೆ. ಧೈರ್ಯ ಬಂದಿರಲಿಲ್ಲ. ಹಗರಿಬೊಮ್ಮನಹಳ್ಳಿಯಲ್ಲಿ ಬಸ್ಸು ಬದಲಿಸುವಾಗ ಕೊಟ್ಟೂರಿಗೆ ಹೊರಟ ಬಸ್ಸಿನ ಮೆಟ್ಟಿಲ ಮೇಲೆ ಕಾಲಿಟ್ಟು, ಮತ್ತೆ ಇಳಿದೆ.

ಈ ಸಲ ಯಾರೂ ನಗಲಿಲ್ಲ. ಮೇಷ್ಟರು ನನ್ನ ಕೈಲಿದ್ದ ಹಾಳೆಗಳ ಕಡೆ ಬೆರಳು ತೋರಿಸಿದರು.

"ಕೊನಿ ಪುಟ ತಗದು ಹಾಕ್ರಿ. ಅಲ್ಲಿ ನೀವು ಭಾಷಣ ಮಾಡೀರಿ. ಓದೋರಿಗೆ ಬುದ್ಧಿ ಇಲ್ಲ ಅಂದ್ಕೊಂಡೀರೇನು?"

"ಇದಕ್ಕರ ಕಥಿ ಅಂತೀರೋ, ತಕರಾರು ಅಂತೀರೋ?" ನನ್ನ ದನಿ ಒರಟಾಗಿತ್ತು.

"ಆ ಪುಟ ತಗದ ಮ್ಯಾಲೆ ಕೇಳ್ರಿ."

ಕ್ಷಮೆ ಕೇಳಲಿಲ್ಲ, ಮೆಚ್ಚಲೂ ಇಲ್ಲ. ವಾಪಸು ಬರುವಾಗ ಬಸ್ಸಿನಲ್ಲಿ ಆ ಪುಟವನ್ನು ಬೈಯುತ್ತಲೇ ಓದಿದೆ. ಅವರು ಹೇಳಿದ್ದು ಸರಿಯಿತ್ತು. ಅವರ ನಗುವಿಗಿಂತ ಹೆಚ್ಚು ಉರಿದದ್ದು ಅದೇ. ಪೆನ್ನು ಒತ್ತಿ ಗೀಚಿದ ರಭಸಕ್ಕೆ ಹಾಳೆ ಹರಿಯಿತು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಬಗ್ಗಿ ನೋಡಿದಳು. "ಏನ್ರಿ ಅಕ್ಕಾ, ಹುಡುಗರ ಪರೀಕ್ಷಿ ಪೇಪರೇನು?"

"ಅಲ್ಲವ್ವಾ, ನಾ ಬರದ ಕಥಿ" ಎಂದೆ.

"ಓದ್ರಿ ಮತ್ತ, ಕೇಳೋಣ" ಎಂದು ಆಕೆ ಚೀಲವನ್ನು ಕಾಲ ಬಳಿ ಸರಿಸಿಕೊಂಡಳು. ನಾನು ಹರಿದ ಹಾಳೆಯನ್ನು ಮಡಚಿಟ್ಟು ಮೊದಲ ಪುಟ ತೆಗೆದೆ.